ಟೆಸ್ಟ್ ಮಾಡಿಸಿಕೊಳ್ಳಲು ರಕ್ತ ಕೊಡಬಹುದಾ?

ಪ್ರಶ್ನೆ: ನನಗೆ 26 ವರ್ಷ. ಎರಡು ವಾರದ ಹಿಂದೆ ಕಾಂಡೋಮ್ ಇಲ್ಲದೆ ಒಬ್ಬರ ಜೊತೆ ಸೇರಿದ್ದೆ. ಆಗಿನಿಂದ ಎಚ್‌ಐವಿ ಭಯ ಕಾಡುತ್ತಿದೆ. ಲ್ಯಾಬಿಗೆ ಹೋಗಿ ಕೇಳಲು ನಾಚಿಕೆ. "ಸುಮ್ನೆ ರಕ್ತದಾನ ಮಾಡು. ಹೇಗೂ ಟೆಸ್ಟ್ ಮಾಡ್ತಾರೆ. ಏನಾದ್ರೂ ಇದ್ರೆ ನಿಂಗೆ ಫೋನ್ ಬರುತ್ತೆ, ರಕ್ತಾನ ಎಸೀತಾರೆ" ಅನ್ನುತ್ತಾನೆ ಗೆಳೆಯ. ಇದರಿಂದ ಯಾರಿಗೂ ತೊಂದರೆ ಇಲ್ಲ ಅಲ್ವಾ ಡಾಕ್ಟರೇ?

ಉತ್ತರ: ತೊಂದರೆ ಇದೆ. ದಯವಿಟ್ಟು ರಕ್ತ ಕೊಡಲು ಹೋಗಬೇಡಿ.

ನಾನು ರಕ್ತನಿಧಿಯಲ್ಲೇ ಕೆಲಸ ಮಾಡುವವಳು. ನಿಮ್ಮ ಗೆಳೆಯ ಹೇಳಿದ್ದು ಅರ್ಧ ನಿಜ. ಬಂದ ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಇದೆಯೇ ಎಂದು ನೋಡುತ್ತೇವೆ. ಸಂಶಯ ಬಂದದ್ದು ಯಾವ ರೋಗಿಗೂ ಹೋಗುವುದಿಲ್ಲ. ಆದರೆ ವೈರಸ್ ಮೈಗೆ ಸೇರಿದ ಕೂಡಲೇ ಟೆಸ್ಟಿನಲ್ಲಿ ಸಿಕ್ಕಿಬೀಳುವುದಿಲ್ಲ. ಸಿಗದಿರುವ ಆ ದಿನಗಳೇ ವಿಂಡೋ ಪೀರಿಯಡ್. ನೀವೀಗ ಅದರೊಳಗೆ ಇರಬಹುದು.

ಬರೀ ಪ್ರತಿಕಾಯ (ವೈರಸ್ ವಿರುದ್ಧ ಮೈ ತಯಾರಿಸುವ ವಸ್ತು) ಹುಡುಕುವ ಟೆಸ್ಟಿಗೆ ಎಚ್‌ಐವಿ ಸಿಗಲು ಮೂರು ವಾರ ಬೇಕು, ಕೆಲವರಲ್ಲಿ ಇನ್ನೂ ಜಾಸ್ತಿ. ಹೆಪಟೈಟಿಸ್ ಸಿ ಆದರೆ ಎರಡು ತಿಂಗಳೂ ಆಗಬಹುದು. ವೈರಸ್ಸಿನ ಜೀನನ್ನೇ ಹುಡುಕುವ ನ್ಯಾಟ್ ಟೆಸ್ಟ್ ಎಚ್‌ಐವಿಯನ್ನು ಸುಮಾರು 10 ದಿನಕ್ಕೆ ಹಿಡಿಯುತ್ತದೆ. ಅದು ಎಲ್ಲ ಕಡೆ ಇಲ್ಲ. ಇದ್ದ ಕಡೆಯೂ ಮೊದಲ ಕೆಲವು ದಿನ ಅದರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಏನಾಗುತ್ತದೆ ನೋಡಿ. ನಿಮ್ಮ ಒಂದು ಚೀಲವನ್ನು ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬಿಡಿಸುತ್ತೇವೆ. ಮೂರೂ ಬೇರೆ ಬೇರೆ ರೋಗಿಗಳಿಗೆ ಹೋಗಬಹುದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನವಷ್ಟೇ ಬಾಳುವುದು. ಹಾಗಾಗಿ ಕಾದು ನೋಡಲು ಸಮಯವೇ ಇರುವುದಿಲ್ಲ. ಅದು ಹೋಗುವುದು ಹೆಚ್ಚಾಗಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಎಷ್ಟೋ ಸಲ ಮಕ್ಕಳಿಗೆ. ಎಚ್‌ಐವಿ ಇರುವ ರಕ್ತ ಏರಿಸಿದರೆ 10ರಲ್ಲಿ 9 ಮಂದಿಗಾದರೂ ಸೋಂಕು ತಗಲುತ್ತದೆ.

ಅದಕ್ಕೇ ರಕ್ತ ಕೊಡಲು ಬಂದವರಿಗೆ ನಾವು ಅಷ್ಟೊಂದು ಪ್ರಶ್ನೆ ಕೇಳುವುದು. ಯಂತ್ರಕ್ಕೆ ಕಾಣದ ದಿನಗಳ ವಿಷಯ ಗೊತ್ತಿರುವುದು ನಿಮಗೊಬ್ಬರಿಗೇ. ಕ್ಯಾಂಪುಗಳಲ್ಲಿ ನಾಲ್ಕು ಜನರ ಮುಂದೆ ಈ ಪ್ರಶ್ನೆ ಕೇಳುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಹಾಗೆ ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ? "ಪಕ್ಕಕ್ಕೆ ಬನ್ನಿ, ಮಾತಾಡಬೇಕು" ಎಂದು ಕರೆಯುವ ಹಕ್ಕು ದಾನಿಗೆ ಇದೆ.

ಈಗ ನೀವು ಮಾಡಬೇಕಾದದ್ದು. ಎಚ್‌ಐವಿ ಪರೀಕ್ಷೆ, ಸಲಹೆ ಎರಡೂ ಇರುವ ಕೇಂದ್ರಕ್ಕೆ ಹೋಗಿ. ಅಲ್ಲಿ ಹೆಸರು ಗುಟ್ಟಾಗಿರುತ್ತದೆ. ಪ್ರತಿಕಾಯ, ಆಂಟಿಜೆನ್ (ವೈರಸ್ಸಿನದೇ ಒಂದು ಭಾಗ) ಎರಡನ್ನೂ ನೋಡುವ ಲ್ಯಾಬ್ ಟೆಸ್ಟ್ ಕೇಳಿ. ಇವತ್ತು ನೆಗೆಟಿವ್ ಬಂದರೆ ನಿಶ್ಚಿಂತೆ ಬೇಡ, ಸೇರಿದ ದಿನದಿಂದ 45 ದಿನ ಕಳೆದ ಮೇಲೆ ಮತ್ತೊಮ್ಮೆ ಮಾಡಿಸಿ. ಹೆಪಟೈಟಿಸ್ ಬಿ, ಸಿ ಬಗ್ಗೆಯೂ ಅಲ್ಲೇ ವಿಚಾರಿಸಿ. ಮೊದಲ ಟೆಸ್ಟಿನಲ್ಲಿ 'ರಿಯಾಕ್ಟಿವ್' ಎಂದು ಬಂದರೂ ಎದೆ ಒಡೆದುಕೊಳ್ಳಬೇಡಿ. ಖಚಿತಪಡಿಸುವ ಟೆಸ್ಟ್ ಆಗುವವರೆಗೆ ಅದು ರೋಗವೆಂದು ಅರ್ಥವಲ್ಲ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಇಂಥದ್ದು ನಡೆದು 72 ಗಂಟೆ ಆಗಿಲ್ಲವೆಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ 28 ದಿನದ ಮಾತ್ರೆಗಳಿವೆ.

ಒಂದು ವೇಳೆ ಪತ್ರ ಬರೆದ ಮೇಲೆ ರಕ್ತ ಕೊಟ್ಟುಬಿಟ್ಟಿದ್ದರೆ, ಈಗಲೇ ಆ ರಕ್ತನಿಧಿಗೆ ಫೋನ್ ಮಾಡಿ. ದಿನಾಂಕ, ಚೀಲದ ನಂಬರ್ ಹೇಳಿ, "ನನ್ನ ರಕ್ತ ಬಳಸಬೇಡಿ" ಅನ್ನಿ. ಅಷ್ಟು ಹೇಳಿದರೆ ಸಾಕು, ಚೀಲವನ್ನು ಬದಿಗೆ ಇಡುತ್ತಾರೆ.