ಬಾಯಿಗೆ ಟೇಪ್ ಹಾಕುವ ಮುಂಚೆ ಮೂಗು ತೋರಿಸಿ

ನನಗೆ ಬರುವ ಪತ್ರಗಳಲ್ಲಿ ಅಲರ್ಜಿ, ಸೈನಸ್, ಕಿವಿ ಸೋರುವುದು ಎಲ್ಲ ಈಗ ಹಿಂದೆ ಸರಿದಿವೆ. ಎಲ್ಲರೂ ಕೇಳುವುದು ಒಂದೇ: ರಾತ್ರಿ ಬಾಯಿಗೆ ಟೇಪ್ ಅಂಟಿಸಿಕೊಂಡು ಮಲಗಬಹುದಾ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಬರೆದು ಸಾಕಾಗಿದೆ. ಅದಕ್ಕೇ ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಚಿಕ್ಕದಾಗಿ. ಮೂಗಿನಿಂದ ಉಸಿರಾಡುವುದು ಯಾಕೆ ಒಳ್ಳೆಯದು ಅನ್ನುವ ಪಾಠ ಇಲ್ಲಿಲ್ಲ. ಆ ವಿಷಯದಲ್ಲಿ ನನಗೂ, ಟೇಪ್ ಹಾಕಿಕೊಳ್ಳಿ ಅಂತ ವಿಡಿಯೋ ಮಾಡುವವರಿಗೂ ಜಗಳವೇ ಇಲ್ಲ. ಜಗಳ ಇರುವುದು ಟೇಪಿನ ಬಗ್ಗೆ.

ಪ್ರಶ್ನೆ: ನನಗೆ 43 ವರ್ಷ. ಬಹಳ ವರ್ಷದಿಂದ ಗೊರಕೆ ಇದೆ. ಬೆಳಿಗ್ಗೆ ಏಳುವಾಗ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ವಿಡಿಯೋ ನೋಡಿ ಒಂದು ತಿಂಗಳಿಂದ ಬಾಯಿಗೆ ಟೇಪ್ ಹಾಕಿ ಮಲಗುತ್ತಿದ್ದೇನೆ. ಗೊರಕೆ ಸದ್ದು ಕಡಿಮೆಯಾಗಿದೆ ಅಂತ ಹೆಂಡತಿ ಹೇಳುತ್ತಾಳೆ, ಬಾಯಿ ಒಣಗುವುದೂ ನಿಂತಿದೆ. ಆದರೆ ಮಧ್ಯಾಹ್ನದ ತೂಕಡಿಕೆ ಮೊದಲಿನ ಹಾಗೇ ಇದೆ. ಒಂದೊಂದು ರಾತ್ರಿ ಗಾಬರಿಯಾಗಿ ಎದ್ದು ಟೇಪ್ ಕಿತ್ತು ಹಾಕುತ್ತೇನೆ. ಮುಂದುವರಿಸಲಾ ಡಾಕ್ಟ್ರೇ?

ಬೇಡ. ಇವತ್ತು ರಾತ್ರಿಯಿಂದಲೇ ನಿಲ್ಲಿಸಿ.

ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಗೊರಕೆ ಕಡಿಮೆಯಾದದ್ದಲ್ಲ. ಹಗಲಿನ ತೂಕಡಿಕೆ ಹಾಗೇ ಉಳಿದಿದೆ, ರಾತ್ರಿ ಗಾಬರಿಯಾಗಿ ಎಚ್ಚರವಾಗುತ್ತದೆ. ಈ ಎರಡನ್ನೂ ನೀವು ಕೊನೆಗೆ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಿದ್ದೆಯಲ್ಲಿ ಬಾಯಿ ಸುಮ್ನೆ ತೆರೆದುಕೊಳ್ಳುವುದಿಲ್ಲ. ಹೆಚ್ಚಿನವರಲ್ಲಿ ಅದಕ್ಕೊಂದು ಕಾರಣ ಇರುತ್ತದೆ. ಮೂಗಿನಿಂದ ಬರುವ ಗಾಳಿ ಸಾಲುತ್ತಿಲ್ಲ, ಇಲ್ಲವೇ ಮೂಗಿನ ಹಿಂದೆ, ಗಂಟಲಿನಲ್ಲಿ ದಾರಿ ಮುಚ್ಚಿಕೊಳ್ಳುತ್ತಿದೆ. ಕೋಣೆಯಲ್ಲಿ ಹೊಗೆ ತುಂಬಿದಾಗ ಒಳಗಿದ್ದವರು ಕಿಟಕಿ ತೆರೆಯುತ್ತಾರೆ. ಹೊಗೆ ಎಲ್ಲಿಂದ ಬಂತು ಅಂತ ನೋಡದೆ ಕಿಟಕಿಗೆ ಮೊಳೆ ಹೊಡೆಯುವ ಕೆಲಸ ಈ ಟೇಪಿನದ್ದು.

ಮೊದಲು ಮೂಗಿನ ವಿಷಯ. ಉಸಿರು ಒಳಗೆ ಹೋಗುವಾಗ ಎದುರಾಗುವ ತಡೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಮೂಗಿನಲ್ಲೇ. ಹಾಗಾಗಿ ಅಲ್ಲಿ ಸ್ವಲ್ಪ ಊತ ಬಂದರೂ ವ್ಯತ್ಯಾಸ ಗೊತ್ತಾಗುತ್ತದೆ. ಎರಡು ಹೊಳ್ಳೆಗಳು ಯಾವಾಗಲೂ ಒಂದೇ ಸಮ ತೆರೆದಿರುವುದೂ ಇಲ್ಲ. ಕೆಲವು ಗಂಟೆಗೊಮ್ಮೆ ಒಂದು ಬದಿ ಊದಿಕೊಂಡು ಇನ್ನೊಂದು ಬದಿ ಸಡಿಲವಾಗುತ್ತದೆ. ಹೆಚ್ಚಿನವರಲ್ಲಿ ಹೀಗೇ. ಈಗ ನಿಮ್ಮ ಮೂಗಿನ ನಡುಗೋಡೆ ಎಡಕ್ಕೆ ಸೊಟ್ಟಗಿದೆ ಅಂದುಕೊಳ್ಳಿ. ಬಲಬದಿ ಊದಿಕೊಳ್ಳುವ ಸರದಿ ಬಂದಾಗ ಎಡಬದಿಯಲ್ಲಿ ಸಾಕಷ್ಟು ಜಾಗವೇ ಇರುವುದಿಲ್ಲ. ಮಲಗಿದಾಗ ಮೂಗಿನ ಒಳಪದರದಲ್ಲಿ ರಕ್ತ ತುಂಬಿಕೊಂಡು ಊತ ಇನ್ನಷ್ಟು ಏರುತ್ತದೆ. 'ಹಗಲು ಮೂಗು ಚೆನ್ನಾಗೇ ಇದೆ ಡಾಕ್ಟ್ರೇ' ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಕೂತಾಗಿನ ಮೂಗು ಬೇರೆ, ಮಲಗಿದಾಗಿನ ಮೂಗು ಬೇರೆ. ಬಾಯಿ ಮುಚ್ಚಿಕೊಂಡು ಮೂರು ನಿಮಿಷ ಕೂತು ನೋಡಿ, ಹಾಗೆ ಕೂರಲು ಆದರೆ ಪಾಸ್ ಅನ್ನುವ ಪರೀಕ್ಷೆಯನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ಎಚ್ಚರವಿದ್ದು ಕೂತು ಮಾಡಿದ ಪರೀಕ್ಷೆ ನಡುರಾತ್ರಿ 3 ಗಂಟೆಯ ಮೂಗಿನ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನು ಗಂಟಲು. ನನಗೆ ನಿಮ್ಮ ವಿಷಯದಲ್ಲಿ ಹೆಚ್ಚು ಚಿಂತೆ ಇರುವುದು ಇಲ್ಲೇ. ನಿದ್ದೆ ಗಾಢವಾದ ಹಾಗೆ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ, ಮೆದು ಅಂಗುಳ ಜೋತುಬೀಳುತ್ತದೆ. ದಾರಿ ಕಿರಿದಾದರೆ ಗೊರಕೆ, ಪೂರ್ತಿ ಮುಚ್ಚಿದರೆ ಉಸಿರೇ ನಿಲ್ಲುತ್ತದೆ. ಹೀಗೆ 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ನಿಂತರೆ ಅದನ್ನು ಅಪ್ನಿಯಾ ಅಂತ ಲೆಕ್ಕ ಹಾಕುತ್ತೇವೆ.

ಸ್ಲೀಪ್ ಸ್ಟಡಿಯ, ಅಂದರೆ ಮಲಗಿದವರ ಉಸಿರು, ಆಕ್ಸಿಜನ್ ಎಲ್ಲ ಅಳೆಯುವ ಪರೀಕ್ಷೆಯ, ಪರದೆಯ ಮೇಲೆ ಇದನ್ನು ನೋಡಬೇಕು. ಮೂಗಿನ ಹತ್ತಿರದ ಸೆನ್ಸರ್‌ನ ಗೆರೆ ಏರಿಳಿಯುತ್ತಾ ಬಂದು ಇದ್ದಕ್ಕಿದ್ದ ಹಾಗೆ ಚಪ್ಪಟೆಯಾಗುತ್ತದೆ. ಎದೆಗೆ, ಹೊಟ್ಟೆಗೆ ಕಟ್ಟಿದ ಬೆಲ್ಟ್‌ಗಳ ಗೆರೆ ಮಾತ್ರ ಓಡುತ್ತಲೇ ಇರುತ್ತದೆ. ಅದೂ ಒಂದಕ್ಕೊಂದು ಉಲ್ಟಾ: ಎದೆ ಒಳಗೆ ಹೋದಾಗ ಹೊಟ್ಟೆ ಹೊರಗೆ. ದೇಹ ಉಸಿರೆಳೆಯಲು ಒದ್ದಾಡುತ್ತಿದೆ, ಗಾಳಿ ಬರುತ್ತಿಲ್ಲ. 15 ಸೆಕೆಂಡ್, 20, 30. ಬೆರಳಿಗೆ ಹಾಕಿದ ಕ್ಲಿಪ್ಪಿನಲ್ಲಿ ಆಕ್ಸಿಜನ್ 95ರಿಂದ ಜಾರುತ್ತಾ 80ರ ಆಸುಪಾಸಿಗೆ ಇಳಿಯುತ್ತದೆ. ಆಮೇಲೆ ಮೆದುಳಿನ ಗೆರೆ ಒಮ್ಮೆ ಬೆಚ್ಚಿಬೀಳುತ್ತದೆ, ಮಲಗಿದವರು ದೊಡ್ಡದಾಗಿ ಉಸಿರೆಳೆದು ಮಗ್ಗುಲು ಬದಲಿಸುತ್ತಾರೆ. ಮತ್ತೆ ಅದೇ ಕಥೆ. ಕಾಯಿಲೆ ತೀವ್ರವಾಗಿದ್ದರೆ ಗಂಟೆಗೆ 30 ಸಲಕ್ಕಿಂತ ಜಾಸ್ತಿ. ಬೆಳಿಗ್ಗೆ ಕೇಳಿದರೆ 'ಚೆನ್ನಾಗೇ ನಿದ್ದೆ ಬಂತು' ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನೆನಪಿರುವುದಿಲ್ಲ.

ಇಂಥವರ ತುಟಿಗೆ ಟೇಪ್ ಹಾಕಿದರೆ ಏನಾಗುತ್ತದೆ? ನಾಲಿಗೆಯ ಬುಡವನ್ನು ಟೇಪ್ ಹಿಡಿದು ನಿಲ್ಲಿಸುವುದಿಲ್ಲ. ಮೂಗು ಕಟ್ಟಿದ್ದರೆ ಉಸಿರು ಬಿಡುವಾಗ ಗಾಳಿ ಬಾಯಿಯೊಳಗೆ ನುಗ್ಗಿ ಕೆನ್ನೆ ಉಬ್ಬುತ್ತದೆ, ಟೇಪಿನ ಅಂಚಿನಿಂದ ಪುಸಪುಸ ಸೋರುತ್ತದೆ. ಸದ್ದು ಕಡಿಮೆಯಾಗಿರಬಹುದು. ಆದರೆ ಗೊರಕೆ ಅನ್ನುವುದು ಸದ್ದು, ಅಪ್ನಿಯಾ ಅನ್ನುವುದು ಉಸಿರು ನಿಲ್ಲುವುದು. ಉಸಿರು ಪೂರ್ತಿ ನಿಂತಾಗ ಕೋಣೆ ಸಂಪೂರ್ಣ ನಿಶ್ಶಬ್ದವಾಗಿರುತ್ತದೆ. ಹೆಂಡತಿ 'ಈಗ ಗೊರಕೆ ಇಲ್ಲ' ಅಂದರೆ ಅದು ಒಳ್ಳೆಯ ಸುದ್ದಿಯೂ ಇರಬಹುದು, ತುಂಬಾ ಕೆಟ್ಟ ಸುದ್ದಿಯೂ ಇರಬಹುದು. ನಿಮ್ಮ ತೂಕಡಿಕೆ ಹೋಗಿಲ್ಲ. ಹಾಗಾಗಿ ನಾನು ಎರಡನೆಯದನ್ನೇ ಅನುಮಾನಿಸುತ್ತೇನೆ.

'ಸಂಶೋಧನೆಯಲ್ಲಿ ಸಾಬೀತಾಗಿದೆ' ಅಂತ ನೀವು ನೋಡಿದ ವಿಡಿಯೋದವರು ಹೇಳಿರುತ್ತಾರೆ. ಆ ಸಂಶೋಧನೆಯನ್ನು ಪೂರ್ತಿ ಓದಿ ಹೇಳಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. 2022ರಲ್ಲಿ ತೈವಾನ್‌ನ ವೈದ್ಯರು 20 ಜನರ ಮೇಲೆ ಟೇಪ್ ಪ್ರಯೋಗಿಸಿದರು. ಗಂಟೆಗೆ ಉಸಿರು ನಿಲ್ಲುವ ಅಥವಾ ಕುಗ್ಗುವ ಲೆಕ್ಕ 8.3ರಿಂದ 4.7ಕ್ಕೆ ಇಳಿಯಿತು. ನಿಜ. ಆದರೆ ಅವರೆಲ್ಲ ಸೌಮ್ಯ ಅಪ್ನಿಯಾ ಇದ್ದವರು. ಮೊದಲೇ ಪರೀಕ್ಷೆ ಮಾಡಿ ಆರಿಸಿಕೊಂಡವರು. 2024ರಲ್ಲಿ ಇನ್ನೊಂದು ಅಧ್ಯಯನ ಬಂತು. ಅಪ್ನಿಯಾ ಇರುವ 54 ಜನರಿಗೆ ಔಷಧಿಯಿಂದ ನಿದ್ದೆ ಬರಿಸಿ, ಕ್ಯಾಮೆರಾದಲ್ಲಿ ಗಂಟಲು ನೋಡುತ್ತಾ, ಬಾಯಿ ಮುಚ್ಚಿಸಿ ಗಾಳಿಯ ಹರಿವನ್ನು ಅಳೆದರು. ಬಾಯಿಯಿಂದ ಸಾಧಾರಣ ಪ್ರಮಾಣದಲ್ಲಿ ಉಸಿರಾಡುತ್ತಿದ್ದವರಿಗೆ ಬಾಯಿ ಮುಚ್ಚಿದಾಗ ಗಾಳಿ ಹೆಚ್ಚಿತು. ಬಾಯಿಯಿಂದಲೇ ಅತಿ ಹೆಚ್ಚು ಉಸಿರಾಡುತ್ತಿದ್ದವರಿಗೆ ಅದು ಕಡಿಮೆಯಾಯಿತು. ಮೆದು ಅಂಗುಳದ ಹತ್ತಿರ ದಾರಿ ಮುಚ್ಚುವವರಿಗೆ ಬಾಯಿಯೇ ಬದಲಿ ದಾರಿ, ಅದನ್ನೂ ಮುಚ್ಚಿದರೆ ಇನ್ನೇನು ಉಳಿಯಿತು? 2025ರಲ್ಲಿ ಇಂಥ 10 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಎಲ್ಲ ಸೇರಿಸಿದರೂ 213 ಜನ. ಮೂಗು ಕಟ್ಟಿದವರಿಗೆ ಉಸಿರುಗಟ್ಟುವ ಅಪಾಯ ಇದೆ ಅಂತ ಆ ಪರಿಶೀಲನೆಯೇ ಎಚ್ಚರಿಸಿದೆ.

ಅಂದರೆ ಟೇಪಿನಿಂದ ಒಂದಿಷ್ಟು ಲಾಭ ಕಂಡಿರುವುದು ಮೂಗು ಚೆನ್ನಾಗಿದ್ದು ಕಾಯಿಲೆ ಸೌಮ್ಯವಾಗಿದ್ದವರಲ್ಲಿ. ಅಂಗಡಿಗೆ ಹೋಗಿ ಟೇಪ್ ತರುವವರು ಯಾರು? ಜೋರು ಗೊರಕೆ, ಕಟ್ಟಿದ ಮೂಗು, ರಾತ್ರಿಯಿಡೀ ತೆರೆದ ಬಾಯಿ ಇರುವವರು. ಬಾಯಿಯ ದಾರಿ ಅತ್ಯಂತ ಅಗತ್ಯವಿರುವವರೇ ಅದನ್ನು ಮುಚ್ಚಿಕೊಳ್ಳುತ್ತಿದ್ದಾರೆ. ನನ್ನ ತಕರಾರು ಇದೇ.

ಈಗ ನೀವು ಮಾಡಬೇಕಾದದ್ದು. ಟೇಪ್ ಇಲ್ಲದೆ ಮಲಗಿ. ಬೆಳಗಿನ ಜಾವ 4ರಿಂದ 5ರ ಹೊತ್ತಿಗೆ, ನೀವು ಅಂಗಾತ ಮಲಗಿದ್ದಾಗ, ಐದು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಲು ಹೆಂಡತಿಗೆ ಹೇಳಿ. ಕನಸಿನ ನಿದ್ದೆ ಆ ಹೊತ್ತಿಗೆ ಜಾಸ್ತಿ, ಉಸಿರು ನಿಲ್ಲುವುದೂ ಆಗಲೇ ಜಾಸ್ತಿ. ಎದೆ, ಹೊಟ್ಟೆ ಕಾಣುವ ಹಾಗಿರಲಿ. ಆ ವಿಡಿಯೋ ತೆಗೆದುಕೊಂಡು ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಎಂಡೋಸ್ಕೋಪ್ ಹಾಕಿ ಮೂಗನ್ನು ಹಿಂದಿನವರೆಗೂ ನೋಡಲಿ. ಟಾರ್ಚ್ ಬೆಳಕು ಬಿಟ್ಟು ಮುಂದಿನಿಂದ ನೋಡಿ ಕಳಿಸಿದರೆ ಸಾಲದು. ಬಿಪಿ ಅಳತೆ ಆಗಲಿ. ಕುತ್ತಿಗೆಯ ಸುತ್ತಳತೆ 40 ಸೆಂ.ಮೀ. ದಾಟಿದ್ದರೆ ಅದನ್ನೂ ಹೇಳಿ. ಸ್ಲೀಪ್ ಸ್ಟಡಿ ಬರೆದುಕೊಟ್ಟರೆ ಮುಂದೂಡಬೇಡಿ. ತೂಕಡಿಕೆ ಇರುವಷ್ಟು ದಿನ ದೂರದ ಡ್ರೈವಿಂಗ್ ಬೇಡವೇ ಬೇಡ. ಈ ಒಂದು ಮಾತನ್ನು ನಾನು ಯಾರಿಗೂ ಸಡಿಲ ಮಾಡುವುದಿಲ್ಲ.

ಚಿಕಿತ್ಸೆ ಕಾರಣದ ಮೇಲೆ ಹೋಗುತ್ತದೆ. ಅಲರ್ಜಿಯ ಊತ ಇದ್ದರೆ ಸ್ಟೀರಾಯ್ಡ್ ಸ್ಪ್ರೇ. ಅದನ್ನು ಹಾಕುವ ಕ್ರಮವೇ ಹೆಚ್ಚಿನವರಿಗೆ ತಪ್ಪಿರುತ್ತದೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲಗೈಯಿಂದ ಎಡಹೊಳ್ಳೆಗೆ, ಎಡಗೈಯಿಂದ ಬಲಹೊಳ್ಳೆಗೆ ಹಾಕಿ. ತುದಿ ನಡುಗೋಡೆಯ ಕಡೆಗಲ್ಲ, ಹೊರಗೆ ಕಿವಿಯ ಕಡೆಗೆ ಇರಲಿ. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ. ದಿನಾ ಹಾಕಿ, ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು. ಅಪ್ನಿಯಾ ಮಧ್ಯಮ ಅಥವಾ ತೀವ್ರ ಇದ್ದರೆ ಸಿಪ್ಯಾಪ್, ಅಂದರೆ ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲಿನ ದಾರಿ ತೆರೆದಿಡುವ ಯಂತ್ರ. 1981ರಿಂದ ಬಳಕೆಯಲ್ಲಿದೆ, ಕೆಲಸ ಮಾಡುತ್ತದೆ. ಕೆಲವರಿಗೆ ದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನ ಸಾಕಾಗುತ್ತದೆ, ಕೆಲವರಿಗೆ ತೂಕ ಇಳಿಸಿ ಮಗ್ಗುಲಾಗಿ ಮಲಗಿದರೇ ಎಷ್ಟೋ ವ್ಯತ್ಯಾಸ ಕಾಣುತ್ತದೆ.

ಪ್ರಶ್ನೆ: ಮೂಗು ಕಟ್ಟಿರುತ್ತದೆ, ಅದಕ್ಕೆ ಮಲಗುವ ಮುಂಚೆ ಡ್ರಾಪ್ಸ್ ಹಾಕಿ, ಮೂಗು ಬಿಟ್ಟ ಮೇಲೆ ಟೇಪ್ ಹಾಕುತ್ತೇನೆ. ಸರಿ ಅಲ್ವಾ?

ಸರಿಯಲ್ಲ. ಒಂದರ ಬದಲು ಎರಡು ತಪ್ಪಾಯಿತು. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಡ್ರಾಪ್ಸ್ ನೆಗಡಿಯಾದಾಗ ಮೂರರಿಂದ ಐದು ದಿನಕ್ಕೆ ಮಾತ್ರ. ದಿನಾ ಹಾಕುತ್ತಾ ಹೋದರೆ ಪರಿಣಾಮ ಇಳಿದ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಆಗ ಬಾಯಿಗೆ ಟೇಪ್ ಇರುತ್ತದೆ, ನೀವು ನಿದ್ದೆಯಲ್ಲಿರುತ್ತೀರಿ. ವರ್ಷಗಟ್ಟಲೆ ಡ್ರಾಪ್ಸ್‌ಗೆ ಅಂಟಿಕೊಂಡವರನ್ನು ಅದರಿಂದ ಬಿಡಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಈಗಲೇ ನಿಲ್ಲಿಸಿ, ಮೂಗು ತೋರಿಸಿ.

ಪ್ರಶ್ನೆ: ಆರು ವರ್ಷದ ಮಗ ಬಾಯಿ ತೆರೆದು ಮಲಗುತ್ತಾನೆ. ಮಕ್ಕಳಿಗೆ ಯಾವ ಟೇಪ್ ಒಳ್ಳೆಯದು?

ಯಾವುದೂ ಅಲ್ಲ! ಮಕ್ಕಳ ಬಾಯಿಗೆ ಟೇಪ್ ಹಾಕಲೇಬೇಡಿ, ಒಂದು ರಾತ್ರಿಗೂ ಬೇಡ. ಈ ವಯಸ್ಸಿನಲ್ಲಿ ಬಾಯಿ ತೆರೆದು ಮಲಗುವ ಮಗುವಿಗೆ ಮೂಗಿನ ಹಿಂದಿನ ಅಡಿನಾಯ್ಡ್ (ಟಾನ್ಸಿಲ್‌ನಂಥದ್ದೇ ಮಾಂಸದ ಗಂಟು) ದೊಡ್ಡದಾಗಿದೆಯಾ ಅಂತಲೇ ಮೊದಲು ನೋಡುವುದು. ಟಾನ್ಸಿಲ್, ಅಲರ್ಜಿ ಆಮೇಲೆ. ಕುತ್ತಿಗೆ ಹಿಂದಕ್ಕೆ ಚಾಚಿ ಮಲಗುತ್ತಾನಾ, ರಾತ್ರಿ ಬೆವರುತ್ತಾನಾ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆಯಾ, ಹಗಲು ಕೂತಲ್ಲಿ ಕೂರದೆ ಚಡಪಡಿಸುತ್ತಾನಾ, ಟಿವಿ ಸದ್ದು ಜಾಸ್ತಿ ಇಡುತ್ತಾನಾ ಗಮನಿಸಿ. ಅಡಿನಾಯ್ಡ್ ದೊಡ್ಡದಾಗಿದ್ದಾಗ ಕಿವಿಯ ಪರದೆಯ ಹಿಂದೆ ನೀರು ನಿಂತು ಕೇಳಿಸುವುದು ಮಂದವಾಗುತ್ತದೆ. ದೊಡ್ಡವರಲ್ಲಿ ಗಂಟೆಗೆ ಐದಕ್ಕಿಂತ ಕಡಿಮೆ ಸಲ ಉಸಿರು ತಡೆದರೆ ಸಹಜ ಅನ್ನುತ್ತೇವೆ, ಮಕ್ಕಳಲ್ಲಿ ಒಂದು ದಾಟಿದರೇ ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಈ ವಾರವೇ ಕರೆದುಕೊಂಡು ಹೋಗಿ. ಮಕ್ಕಳಿಗೆ ಟೇಪ್ ಹಾಕಿ ಎಂದು ಸಲಹೆ ಕೊಡುವವರ ಮಾತನ್ನು ಬೇರೆ ಯಾವ ವಿಷಯದಲ್ಲೂ ಕೇಳಬೇಡಿ.

ಪ್ರಶ್ನೆ: ಟೇಪ್ ಹಾಕಿದರೆ ದವಡೆ ಚೂಪಾಗಿ ಮುಖದ ಆಕಾರ ಸುಂದರವಾಗುತ್ತಾ?

ಇಲ್ಲ. ಬೆಳೆದವರ ಮೂಳೆ ಟೇಪಿಗೆ ಬಗ್ಗುವುದಿಲ್ಲ.

ಪ್ರಶ್ನೆ: ಮೂಗಿನಿಂದ ಉಸಿರಾಡಿದರೆ ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಬರುತ್ತದಂತೆ. ಟೇಪ್ ಹಾಕಿ ಬಿಪಿ ಮಾತ್ರೆ ಬಿಡಬಹುದಾ?

ಸೈನಸ್‌ಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಾಗುವುದು ನಿಜ. ಮಾತ್ರೆ ಬಿಡುವುದು ಅಪಾಯ. ಬಿಡಬೇಡಿ.

ಪ್ರಶ್ನೆ: ತಂದೆಗೆ ಸ್ಟ್ರೋಕ್ ಆಗಿದೆ, ಬಾಯಿ ತೆರೆದೇ ಮಲಗುತ್ತಾರೆ, ಜೊಲ್ಲು ಸುರಿಯುತ್ತದೆ. ಟೇಪ್ ಹಾಕಲಾ?

ಖಂಡಿತ ಬೇಡ. ತನ್ನ ಕೈಯಿಂದ ಟೇಪ್ ಕಿತ್ತುಕೊಳ್ಳಲು ಆಗದ ಯಾರಿಗೂ ಹಾಕಬಾರದು. ಕುಡಿದು ಮಲಗುವವರಿಗೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೆ, ವಾಂತಿ ಅಥವಾ ಹುಳಿತೇಗು ಬರುವವರಿಗೂ ಇದೇ ಮಾತು. ಬಾಯಿ ಮುಚ್ಚಿದ್ದಾಗ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಪ್ರಶ್ನೆ: ಸಿಪ್ಯಾಪ್ ಹಾಕಿದಾಗ ಗಾಳಿ ಬಾಯಿಯಿಂದ ಸೋರುತ್ತದೆ. ಟೇಪ್ ಹಾಕಬಹುದಾ?

ನೀವಾಗಿಯೇ ಹಾಕಬೇಡಿ. ಮೂಗು ಕಟ್ಟಿದೆಯಾ, ಒತ್ತಡ ಜಾಸ್ತಿಯಾಗಿದೆಯಾ ಅಂತ ಮೊದಲು ನೋಡಿಸಿ. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಹಾಕಿ ನೋಡಬಹುದು, ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್‌ಗೆ ಬದಲಾಯಿಸಬಹುದು.

ಪ್ರಶ್ನೆ: ನನಗೆ ಗೊರಕೆ ಇಲ್ಲ, ತೂಕಡಿಕೆ ಇಲ್ಲ, ಸ್ಲೀಪ್ ಸ್ಟಡಿಯೂ ಸರಿ ಇದೆ. ಬಾಯಿ ಒಣಗುವುದಷ್ಟೇ ತೊಂದರೆ. ನನಗೂ ಬೇಡವಾ?

ನಿಮ್ಮ ಮೂಗನ್ನು ಒಬ್ಬರು ಒಳಗೆ ನೋಡಿ ಸರಿ ಇದೆ ಅಂದಿದ್ದರೆ ನಾನು ಅಡ್ಡ ಬರುವುದಿಲ್ಲ. ಆದರೂ ಬರೆದುಕೊಡುವುದಿಲ್ಲ. ಹಾಕಲೇಬೇಕು ಅಂತಿದ್ದರೆ ಚರ್ಮಕ್ಕೆ ಬಳಸುವ ಮೆದು ಪೇಪರ್ ಟೇಪಿನ ಒಂದು ಸಣ್ಣ ತುಂಡು ಸಾಕು. ತುಟಿಯ ನಡುವೆ ಮೇಲಿಂದ ಕೆಳಕ್ಕೆ ಹಾಕಿ, ಎರಡೂ ಕಡೆ ಬಾಯಿ ತೆರೆಯುವ ಹಾಗಿರಲಿ. ನೆಗಡಿ ಇದ್ದ ರಾತ್ರಿ ಬೇಡ. ಅದಕ್ಕಿಂತ ಮೊದಲು ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಅಲರ್ಜಿ ಮಾತ್ರೆ, ಖಿನ್ನತೆಯ ಮಾತ್ರೆ, ಮೂತ್ರದ ಮಾತ್ರೆ ಬಾಯಿ ಒಣಗಿಸುತ್ತವೆ. ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಬಾಯಿ ಒಣಗಿದರೆ ಹುಳುಕು ಬೇಗ ಹಿಡಿಯುತ್ತದೆ, ಹಾಗಾಗಿ ಹಲ್ಲಿನ ವೈದ್ಯರಿಗೂ ಒಮ್ಮೆ ತೋರಿಸಿ ಬನ್ನಿ.