ಓದುಗರ ಪ್ರಶ್ನೆ, ನಮ್ಮ ಉತ್ತರ: ‘ದಿ ಆಫ್ರಿಕನ್ ಕ್ವೀನ್’ ಕುರಿತು

ಪ್ರಶ್ನೆ: ಮೊಮ್ಮಗಳೊಂದಿಗೆ ಕುಳಿತು ‘ದಿ ಆಫ್ರಿಕನ್ ಕ್ವೀನ್’ ಎಂಬ ಹಳೆಯ ಇಂಗ್ಲಿಷ್ ಚಿತ್ರವನ್ನು ನೋಡಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮುರುಕಲು ಉಗಿದೋಣಿಯೊಂದರಲ್ಲಿ ಹೆಣ್ಣು ಗಂಡು ಇಬ್ಬರೇ ನದಿ ಇಳಿದು, ಕೈಯಲ್ಲೇ ಮಾಡಿದ ಟಾರ್ಪಿಡೊದಿಂದ ಜರ್ಮನ್ ಯುದ್ಧನೌಕೆಯನ್ನು ಮುಳುಗಿಸಲು ಹೊರಡುವ ಕಥೆ. ಸಮುದ್ರದಿಂದ ಅಷ್ಟು ದೂರದ ಆಫ್ರಿಕಾದ ನಡುಭಾಗದಲ್ಲಿ ಯುದ್ಧನೌಕೆ ಇರುವುದು ಸಾಧ್ಯವೇ? – ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಸಾಧ್ಯವೇನು, ಇದ್ದೇ ಇತ್ತು. ಉತ್ತರ ದಕ್ಷಿಣವಾಗಿ ಸುಮಾರು 670 ಕಿಲೋಮೀಟರ್ ಚಾಚಿಕೊಂಡಿರುವ ಟಾಂಗನೀಕಾ ಸರೋವರದ ಪೂರ್ವದ ದಡ 1914ರಲ್ಲಿ ಜರ್ಮನರ ಕೈಯಲ್ಲಿತ್ತು, ಎದುರು ದಡ ಬೆಲ್ಜಿಯನ್ನರದು. ರಸ್ತೆಗಳೇ ಇಲ್ಲದ ಆ ಸೀಮೆಯಲ್ಲಿ ನೀರು ಯಾರ ಹಿಡಿತದಲ್ಲಿದೆಯೋ ಅವರೇ ಸೈನ್ಯವನ್ನೂ ಸಾಮಾನನ್ನೂ ಬೇಕಾದ ಕಡೆಗೆ ಸಾಗಿಸಬಲ್ಲರು. ಜರ್ಮನರು ‘ಗ್ರಾಫ್ ಫಾನ್ ಗೋಟ್ಸನ್’ ಎಂಬ ಸುಮಾರು 70 ಮೀಟರ್ ಉದ್ದದ ಹಡಗನ್ನು 1913ರಲ್ಲಿ ತಮ್ಮ ದೇಶದ ಪಾಪೆನ್‌ಬುರ್ಗ್‌ನಲ್ಲಿ ಕಟ್ಟಿ, ಪುನಃ ಬಿಚ್ಚಿ, ಸುಮಾರು 5,000 ಪೆಟ್ಟಿಗೆಗಳಲ್ಲಿ ತುಂಬಿ ದಾರ್ ಎಸ್ ಸಲಾಮ್‌ಗೆ ತಂದರು. ಅಲ್ಲಿಂದ ರೈಲಿನಲ್ಲಿ ಸರೋವರದ ದಡದ ಕಿಗೋಮಾಕ್ಕೆ ಸಾಗಿಸಿ, ಮರಳಿ ಜೋಡಿಸಿ, 1915ರ ಫೆಬ್ರುವರಿಯಲ್ಲಿ ನೀರಿಗೆ ಇಳಿಸಿದರು. ಚಿತ್ರದಲ್ಲಿ ‘ಲೂಯಿಸಾ’ ಎಂದು ಕರೆಸಿಕೊಳ್ಳುವ ಹಡಗಿಗೆ ಮೂಲ ಇದೇ.

ಇದಕ್ಕೆ ಬ್ರಿಟಿಷರು ಹೂಡಿದ ಪ್ರತಿತಂತ್ರ ಚಿತ್ರದ ಕಥೆಗಿಂತಲೂ ವಿಚಿತ್ರವಾದದ್ದು. ಅವರು 1915ರ ಜೂನ್‌ನಲ್ಲಿ ತಲಾ 40 ಅಡಿ ಉದ್ದದ ಎರಡು ಮೋಟಾರು ದೋಣಿಗಳನ್ನು ಇಂಗ್ಲೆಂಡಿನಿಂದ ಕೇಪ್‌ಟೌನ್‌ಗೆ ಕಳುಹಿಸಿ, ರೈಲಿನಲ್ಲಿ ಕಾಂಗೋದ ಒಳನಾಡಿಗೆ ಒಯ್ದು, ಹಳಿ ಮುಗಿದಲ್ಲಿಂದ ಮಿಟುಂಬಾ ಬೆಟ್ಟಗಳ ಮೇಲೆ ಉಗಿ ಎಂಜಿನ್ನುಗಳಿಂದಲೂ ಎತ್ತುಗಳಿಂದಲೂ ಎಳೆಸಿದರು. ಈ ತಂಡದ ನಾಯಕ ಜೆಫ್ರಿ ಸ್ಪೈಸರ್ ಸಿಮ್ಸನ್ ದೋಣಿಗಳಿಗೆ ಬೆಕ್ಕು, ನಾಯಿ ಎಂಬ ಹೆಸರು ಸೂಚಿಸಿದಾಗ ನೌಕಾಡಳಿತ ಒಪ್ಪಲಿಲ್ಲ. ಆತ ‘ಮಿಮಿ’, ‘ಟೂಟೂ’ ಎಂದು ಬದಲಿಸಿ ಒಪ್ಪಿಗೆ ಪಡೆದನು. ಫ್ರೆಂಚ್ ಮಕ್ಕಳ ಮಾತಿನಲ್ಲಿ ಅವುಗಳ ಅರ್ಥವೂ ಹೆಚ್ಚುಕಡಿಮೆ ಅದೇ. ಖಾಕಿ ಲಂಗ ತೊಟ್ಟು ಓಡಾಡುತ್ತಿದ್ದ ಈ ಅಧಿಕಾರಿಯನ್ನು ಚಿತ್ರಕಥೆಯಲ್ಲಿ ಯಾರಾದರೂ ಬರೆದಿದ್ದರೆ ಅತಿಯಾಯಿತೆಂದು ನಿರ್ಮಾಪಕರೇ ಹೊಡೆದುಹಾಕುತ್ತಿದ್ದರು. ಆದರೂ ಆ ಪುಟ್ಟ ದೋಣಿಗಳು ಡಿಸೆಂಬರ್ 26ರಂದು ‘ಕಿಂಗಾನಿ’ ಎಂಬ ಜರ್ಮನ್ ಹಡಗನ್ನು ಸೆರೆಹಿಡಿದವು. 1916ರ ಫೆಬ್ರುವರಿಯಲ್ಲಿ ಬ್ರಿಟಿಷರು, ಸೆರೆಸಿಕ್ಕ ಆ ಹಡಗನ್ನೂ ಕೂಡಿಸಿಕೊಂಡು ಹೋಗಿ ‘ಹೆಡ್ವಿಗ್ ಫಾನ್ ವಿಸ್ಮನ್’ ಎಂಬ ಇನ್ನೊಂದನ್ನು ಮುಳುಗಿಸಿದರು.

ಗೋಟ್ಸನ್ ಮಾತ್ರ ಯಾರ ಟಾರ್ಪಿಡೊಗೂ ಸಿಗಲಿಲ್ಲ. ಕಿಗೋಮಾ ಕೈಬಿಡುವುದು ಖಚಿತವಾದಾಗ, 1916ರ ಜುಲೈನಲ್ಲಿ ಜರ್ಮನರೇ ಅದರ ಎಂಜಿನ್ನಿಗೆ ದಪ್ಪವಾಗಿ ಗ್ರೀಸು ಬಳಿದು, ಮುಂದೊಂದು ದಿನ ಎತ್ತಿಕೊಳ್ಳುವ ಆಸೆಯಿಂದ ಜೋಪಾನವಾಗಿ ಮುಳುಗಿಸಿದರು. ಎಂಟು ವರ್ಷಗಳ ಬಳಿಕ ಬ್ರಿಟಿಷರು ಮೇಲೆತ್ತಿದಾಗ ಆ ಎಂಜಿನ್ ಇನ್ನೂ ಕೆಲಸಕ್ಕೆ ಬರುವಂತಿತ್ತು. 1927ರಿಂದ ‘ಲಿಯೆಂಬಾ’ ಎಂಬ ಹೊಸ ಹೆಸರಿನಲ್ಲಿ ಅದೇ ಹಡಗು ದಶಕಗಳ ಕಾಲ ಪ್ರಯಾಣಿಕರನ್ನೂ ಸರಕನ್ನೂ ಹೊತ್ತು ಅದೇ ಸರೋವರದಲ್ಲಿ ಓಡಾಡಿತು.

ಪ್ರಶ್ನೆ: ನಾಯಕನ ಮೈಗೆ ಜಿಗಣೆಗಳು ಕಚ್ಚಿಕೊಳ್ಳುವ ದೃಶ್ಯ ನೋಡಿ ನಮ್ಮ ಮನೆಯವರೆಲ್ಲ ಕಾಲು ಮಡಚಿ ಕುಳಿತರು. ಅವು ನಿಜವಾದವೇ? – ಗೃಹಿಣಿ, ಸಾಗರ

ಉತ್ತರ: ಮಳೆಗಾಲದ ಉಂಬಳ ಕಂಡ ತಮ್ಮಂಥವರನ್ನೂ ಬೆಚ್ಚಿಬೀಳಿಸಿದ್ದಕ್ಕೆ ನಿರ್ದೇಶಕ ಜಾನ್ ಹ್ಯೂಸ್ಟನ್ ಸಂತೋಷಪಡಬೇಕು. ಆ ದೃಶ್ಯವನ್ನು ಚಿತ್ರೀಕರಿಸಿದ್ದು ಲಂಡನ್ನಿನ ಸ್ಟುಡಿಯೋ ಒಂದರ ನೀರಿನ ತೊಟ್ಟಿಯಲ್ಲಿ. ನಾಯಕ ಚಾರ್ಲಿಯಾಗಿ ನಟಿಸಿದ ಹಂಫ್ರಿ ಬೋಗಾರ್ಟ್‌ನ ಮೈಗೆ ಅಂಟಿಸಿದ್ದು ರಬ್ಬರಿನ ಜಿಗಣೆಗಳನ್ನು. ಕಿತ್ತು ತೆಗೆಯದೆ ಉಪ್ಪು ಹಾಕಿ ಬಿಡಿಸುವ ಕ್ರಮ ಮಾತ್ರ ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ನನ್ನ ಮಟ್ಟಿಗೆ ಈ ದೃಶ್ಯದ ಸತ್ವ ಇರುವುದು ಜಿಗಣೆಗಳಲ್ಲಲ್ಲ, ಅವನ್ನು ಬಿಡಿಸಿಯಾದ ಮರುಕ್ಷಣದಲ್ಲಿ. ಜೊಂಡಿನ ನಡುವೆ ಸಿಕ್ಕಿಕೊಂಡ ದೋಣಿಯನ್ನು ಎಳೆಯಬೇಕಾದರೆ ಪುನಃ ಅದೇ ನೀರಿಗೆ ಇಳಿಯಬೇಕೆಂದು ಇಬ್ಬರಿಗೂ ತಿಳಿದಿದೆ. ಚಾರ್ಲಿ ನಡುಗುತ್ತಲೇ, ಒಂದು ಮಾತೂ ಆಡದೆ ಇಳಿಯುತ್ತಾನೆ. ಬೋಗಾರ್ಟ್‌ಗೆ ಜೀವಮಾನದಲ್ಲಿ ಒಂದೇ ಬಾರಿ ಬಂದ ಆಸ್ಕರ್ ಈ ಪಾತ್ರಕ್ಕೆ ಬಂದಿತು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಹೊರಾಂಗಣದ ಬಹುಭಾಗವನ್ನು ಬೆಲ್ಜಿಯನ್ ಕಾಂಗೋ ಮತ್ತು ಉಗಾಂಡಾದಲ್ಲಿಯೇ 1951ರಲ್ಲಿ ಚಿತ್ರೀಕರಿಸಿದರು. ಅಲ್ಲಿ ನೀರು ಕುಡಿದ ಕ್ಯಾಥರೀನ್ ಹೆಪ್‌ಬರ್ನ್ ಹೊಟ್ಟೆ ಕೆಟ್ಟು ಬಳಲಿದರೆ, ವಿಸ್ಕಿಯನ್ನೇ ನೆಚ್ಚಿಕೊಂಡಿದ್ದ ಬೋಗಾರ್ಟ್ ಮತ್ತು ಹ್ಯೂಸ್ಟನ್ ಗಟ್ಟಿಯಾಗಿದ್ದರು. ಚಿತ್ರದಲ್ಲಿ ಚಾರ್ಲಿಯ ಜಿನ್ ಬಾಟಲಿಗಳನ್ನೆಲ್ಲ ಒಂದೊಂದಾಗಿ ನದಿಗೆ ಸುರಿಯುವ ಸಂಯಮಿ ರೋಸ್ ಆಗಿ ನಟಿಸಿದ್ದು ಅದೇ ಹೆಪ್‌ಬರ್ನ್ ಎಂಬುದನ್ನು ನೆನೆದರೆ ನಗು ಬರುತ್ತದೆ.

ಪ್ರಶ್ನೆ: ಮೂಲ ಕಾದಂಬರಿಯ ಮುಕ್ತಾಯ ಬೇರೆಯೇ ಎನ್ನುತ್ತಾರೆ, ಹೌದೇ? – ಗ್ರಂಥಪಾಲಕರು, ಧಾರವಾಡ

ಉತ್ತರ: ಹೌದು. ಸಿ. ಎಸ್. ಫಾರೆಸ್ಟರ್ 1935ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಇವರಿಬ್ಬರ ಪ್ರಯತ್ನ ವಿಫಲವಾಗುತ್ತದೆ, ಜರ್ಮನ್ ಹಡಗನ್ನು ಮುಳುಗಿಸುವುದು ಬ್ರಿಟಿಷ್ ಮೋಟಾರು ದೋಣಿಗಳು. ಇತಿಹಾಸಕ್ಕೆ ಅದೇ ಹೆಚ್ಚು ಹತ್ತಿರವಾದರೂ, ನೇಣಿನ ಕುಣಿಕೆಯ ಕೆಳಗೆ ಜರ್ಮನ್ ಕಪ್ತಾನನಿಂದಲೇ ಮದುವೆ ಮಾಡಿಸಿಕೊಳ್ಳುವ ಚಿತ್ರದ ಮುಕ್ತಾಯವನ್ನು ಬಿಟ್ಟುಕೊಡಲು ನನಗಂತೂ ಮನಸ್ಸಿಲ್ಲ.

ಪ್ರಶ್ನೆ: ಆ ಯುದ್ಧದಲ್ಲಿ ಭಾರತದ ಸೈನಿಕರೂ ಇದ್ದರಂತೆ. ಚಿತ್ರದಲ್ಲಿ ಅವರ ಸುಳಿವೇ ಇಲ್ಲ. ಆಫ್ರಿಕನ್ನರು ಕೂಡ ಆರಂಭದ ಕೆಲವು ದೃಶ್ಯಗಳ ನಂತರ ಹೆಚ್ಚಾಗಿ ಕಾಣಿಸುವುದಿಲ್ಲ. ಇದು ಸರಿಯೇ? – ಪದವಿ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ತಮ್ಮ ಊರಿನ ಹೆಸರೇ ಆ ಯುದ್ಧದ ದಾಖಲೆಗಳಲ್ಲಿದೆ. 1914ರ ನವೆಂಬರ್ ಮೊದಲ ವಾರ ಜರ್ಮನ್ ಪೂರ್ವ ಆಫ್ರಿಕಾದ ಟಾಂಗಾ ಬಂದರಿನಲ್ಲಿ ಇಳಿದ ಸುಮಾರು 8,000 ಜನರ ಭಾರತೀಯ ಪಡೆಯಲ್ಲಿ ಬೆಂಗಳೂರು ಬ್ರಿಗೇಡ್ ಇತ್ತು. ಹೆಸರು ದಂಡು ಪ್ರದೇಶದ್ದೇ ಹೊರತು ಸೈನಿಕರೆಲ್ಲ ಇಲ್ಲಿಯವರೆಂದು ಅರ್ಥವಲ್ಲ. ದೀರ್ಘ ಸಮುದ್ರಯಾನದಿಂದ ಬಸವಳಿದಿದ್ದ ಈ ಪಡೆಯನ್ನು ಜರ್ಮನ್ ಸೇನಾನಾಯಕ ಪಾಲ್ ಫಾನ್ ಲೆಟ್ಟೋ ಫೋರ್ಬೆಕ್ ಸುಮಾರು ಒಂದು ಸಾವಿರ ಜನರನ್ನಿಟ್ಟುಕೊಂಡು ಹಿಮ್ಮೆಟ್ಟಿಸಿದನು. ಗುಂಡಿನ ಸದ್ದಿಗೆ ಕೆರಳಿದ ಜೇನುಹುಳುಗಳೂ ಸೈನಿಕರ ಮೇಲೆ ಎರಗಿದವು. ಅವರು ತಮ್ಮ ಬಂದೂಕು, ಮದ್ದುಗುಂಡುಗಳನ್ನು ದಡದಲ್ಲೇ ಬಿಟ್ಟು ಹಡಗು ಹತ್ತಬೇಕಾಯಿತು.

ತಮ್ಮ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆರಂಭದಲ್ಲಿ ಚಾರ್ಲಿ ಎಸೆದ ಚುಟ್ಟಾದ ತುಂಡಿಗಾಗಿ ಹಳ್ಳಿಗರು ಪ್ರಾರ್ಥನೆಯನ್ನೂ ಮರೆತು ಮುಗಿಬೀಳುವ ದೃಶ್ಯವಿದೆ; ಪ್ರೇಕ್ಷಕರು ನಗಲೆಂದೇ ತೆಗೆದ ಆ ದೃಶ್ಯ ಇಂದು ಮುಜುಗರ ತರುತ್ತದೆ. ಅನಂತರ ಜರ್ಮನರ ಪಡೆ ಅವರ ಗುಡಿಸಲುಗಳನ್ನು ಸುಟ್ಟು ಅವರನ್ನು ಹಿಡಿದೊಯ್ಯುತ್ತದೆ, ಕಥೆ ದೋಣಿ ಹತ್ತುತ್ತದೆ, ಅವರು ಏನಾದರೆಂದು ಯಾರೂ ಕೇಳುವುದಿಲ್ಲ. ಜರ್ಮನರ ಸೈನ್ಯದಲ್ಲಿ ಬಹುಪಾಲು ಆಸ್ಕಾರಿಗಳು, ಅಂದರೆ ಆಫ್ರಿಕನ್ ಸಿಪಾಯಿಗಳು. ಮಿಮಿ, ಟೂಟೂ ದೋಣಿಗಳಿಗೆ ಬೆಟ್ಟದಲ್ಲಿ ದಾರಿ ಕಡಿದವರು ಸ್ಥಳೀಯರೇ. ಎತ್ತು ಕುದುರೆಗಳು ತ್ಸೆತ್ಸೆ ನೊಣದ ರೋಗಕ್ಕೆ ಸಾಯುತ್ತಿದ್ದ ನಾಡಿನಲ್ಲಿ ಅಕ್ಕಿ, ಹಿಟ್ಟು, ಮದ್ದುಗುಂಡು ಎಲ್ಲವೂ ಸಾಗಿದ್ದು ಮನುಷ್ಯರ ತಲೆಯ ಮೇಲೆ. ಹೀಗೆ ಹೊರೆ ಹೊತ್ತವರಲ್ಲಿ ಹತ್ತಾರು ಸಾವಿರ ಮಂದಿ ಗುಂಡಿಗಿಂತ ಹೆಚ್ಚಾಗಿ ಹಸಿವಿಗೂ ಭೇದಿಗೂ ಬಲಿಯಾದರು. ಬ್ರಿಟಿಷರು ಇವರಿಗೆ ಇಟ್ಟ ಹೆಸರು ‘ಕ್ಯಾರಿಯರ್ ಕೋರ್’. ಅದು ಸ್ವಾಹಿಲಿ ಬಾಯಲ್ಲಿ ‘ಕರಿಯಾಕೂ’ ಆಗಿ, ಅವರು ಬೀಡುಬಿಟ್ಟಿದ್ದ ದಾರ್ ಎಸ್ ಸಲಾಮ್‌ನ ಜಾಗಕ್ಕೆ ಅಂಟಿಕೊಂಡಿತು. ಇಂದು ಅಲ್ಲಿ ಆ ನಗರದ ಅತಿ ದೊಡ್ಡ ಸಂತೆಮಾಳವಿದೆ.