‘ಘಟಶ್ರಾದ್ಧ’ದಲ್ಲಿ ಮ್ಯೂಸಿಕ್ಕೇ ಇಲ್ಲ ಅಂದವರಿಗೆ

ನಿಮ್ಮ ಹುಡುಗರಿಗೆ ಸಂಗೀತ ಕೇಳಿಸದೇ ಹೋಗಲು ಮುಖ್ಯ ಕಾರಣ ಕೂಲರ್ ಸದ್ದು ಇರಬೇಕು. ಕಲಬುರಗಿಯ ಕಾಲೇಜಿನಲ್ಲಿ, ಬೇಸಿಗೆ ಮಧ್ಯಾಹ್ನ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಸಿನಿಮಾ ತೋರಿಸಿದೆ, ಹುಡುಗರು ‘ಇದರಲ್ಲಿ ಮ್ಯೂಸಿಕ್ಕೇ ಇಲ್ಲ’ ಅಂದರು ಅಂತ ಬರೆದಿದ್ದೀರಿ. ಕೂಲರ್ ಓಡುತ್ತಿದ್ದರೆ ಸಣ್ಣ ದನಿಗಳೆಲ್ಲ ಮುಚ್ಚಿಹೋಗುತ್ತವೆ. ನಿಮ್ಮ ಹಾಲ್ ನಾನು ನೋಡಿಲ್ಲ, ಸ್ಪೀಕರೂ ಕಾರಣ ಇರಬಹುದು. ಎಡೆಬಿಡದ ಹಿನ್ನೆಲೆ ಸಂಗೀತಕ್ಕೆ ಒಗ್ಗಿದ ಕಿವಿಯೂ ಇರಬಹುದು.

ಮೊದಲು ಪ್ರದರ್ಶನ ಬೆಳಿಗ್ಗೆ ಬೇಗ ಇಡಿ. ಕೂಲರ್, ಫ್ಯಾನ್ ಬಂದ್ ಮಾಡಿ. ಆಮೇಲೆ ಹತ್ತು ನಿಮಿಷದ ಒಂದು ಭಾಗ ಆರಿಸಿ, ಚಿತ್ರ ತೋರಿಸದೆ ಬರೀ ಕೇಳಿಸಿ. ಸಂಗೀತ ಎಲ್ಲಿ ಶುರುವಾಯ್ತು, ಎಲ್ಲಿ ನಿಂತಿತು ಅಂತ ಹುಡುಗರೇ ಬರೆದುಕೊಳ್ಳಲಿ. ನಂತರ ಅದನ್ನೇ ಚಿತ್ರದ ಜೊತೆ ತೋರಿಸಿ. ಸಂಗೀತ ಇಲ್ಲದ ಜಾಗದಲ್ಲಿ ತಡೆದು, ‘ಇಲ್ಲಿ ಪಿಟೀಲು ಬಂದಿದ್ದರೆ ನಿಮಗೆ ಏನನಿಸುತ್ತಿತ್ತು?’ ಅಂತ ಕೇಳಿ. ಈ ಪ್ರಶ್ನೆಗೆ ಸಮಯ ಜಾಸ್ತಿ ಕೊಡಿ. ಎಲ್ಲಿ ಮರುಗಬೇಕು ಅನ್ನೋದನ್ನ ನೋಡುವವರಿಗೇ ಬಿಡಲು ದೊಡ್ಡ ಧೈರ್ಯ ಬೇಕು, ಅಲ್ವಾ?

ಈ ಸಂಗೀತಕ್ಕೇ, ಅದನ್ನು ಕೊಟ್ಟ ಬಿ.ವಿ. ಕಾರಂತರಿಗೆ 1977ರ ಸಾಲಿನ ರಾಷ್ಟ್ರಪ್ರಶಸ್ತಿ ಬಂದಿತ್ತು. ಅದನ್ನು ಮೊದಲೇ ಹೇಳಬೇಡಿ, ಸುಮ್ನೆ ತಲೆ ಆಡಿಸಿಬಿಡುತ್ತಾರೆ. ಚರ್ಚೆ ಮುಗಿದ ಮೇಲೆ ಹೇಳಿ.